ಮನೆಯ ಪುಚ್ಚೆ, ಗುಡ್ಡೆಯ ಕಾಡುಬೆಕ್ಕು: ಯಾವ ಗುಣ ಎಲ್ಲಿಂದ ಬಂತು?

ತೋಟದಂಚು (ಪೆರ್ಲ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ತೋಟ ಮುಗಿದಲ್ಲಿಂದ ಗೇರುಗುಡ್ಡೆ ಶುರು. ಇತ್ತ ಮನೆಯ ಬೆಕ್ಕು (ನಮ್ಮ ಪುಚ್ಚೆ), ಅತ್ತ ಕಾಡುಬೆಕ್ಕು, ನಡುವೆ ಒಂದು ಅಗಳು ಅಷ್ಟೆ. ಹಾಗಾಗಿ ಕೆಲವು ಪ್ರಶ್ನೆಗಳನ್ನು ಒಟ್ಟಿಗೆ ಕೇಳ್ತೇನೆ. ಹೊಟ್ಟೆ ತುಂಬಿದ ಬೆಕ್ಕು ಮತ್ತೆ ಓತಿ, ಹಕ್ಕಿ ಹಿಡಿಯುವುದು ಯಾಕೆ? ಹಿಡಿದದ್ದನ್ನು ಕೊಲ್ಲದೆ ಅಷ್ಟು ಹೊತ್ತು ಆಡಿಸುವುದು ಯಾಕೆ? ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಕಾರಣ ಉಂಟಾ? ನಮ್ಮ ಬೆಕ್ಕು ಬಂದದ್ದು ಗುಡ್ಡೆಯ ಕಾಡುಬೆಕ್ಕಿನಿಂದಲೇ? ವಾಟ್ಸಾಪಿನಲ್ಲಿ ‘ಬೆಕ್ಕು ಶೇ. 95.6 ಹುಲಿ’ ಅಂತ ಒಂದು ಸಂದೇಶ ಓಡಾಡ್ತಾ ಉಂಟು, ಅದೂ ಸರಿಯಾ? ತಿಳಿದವರು ಬಿಡಿಸಿ ಹೇಳಿ.

ಕಾನಬಳ್ಳಿ (ಮಂಜೇಶ್ವರ)

ವಂಶದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುವ. ಗುಡ್ಡೆಯ ಕಾಡುಬೆಕ್ಕು ನಮ್ಮ ಬೆಕ್ಕಿನ ಅಜ್ಜ ಅಲ್ಲ, ದಾಯಾದಿ. ಎರಡೂ ಫೆಲಿಸ್ ಕುಲದವೇ. ಇಲ್ಲಿಯದು ಫೆಲಿಸ್ ಚಾಸ್. ಮನೆಬೆಕ್ಕಿನ ಮೂಲ ಫೆಲಿಸ್ ಲಿಬಿಕಾ ಎಂಬ ಇನ್ನೊಂದು ಕಾಡುಬೆಕ್ಕು, ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನೆಲದ್ದು. ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು 979 ಬೆಕ್ಕುಗಳ ಡಿಎನ್‌ಎ ಹೋಲಿಸಿ 2007ರಲ್ಲಿ ಪ್ರಕಟಿಸಿದ ಕೆಲಸದಿಂದ ಇದು ಗಟ್ಟಿಯಾಯಿತು. ಸುಮಾರು 10,000 ವರ್ಷ ಹಿಂದೆ ಪಶ್ಚಿಮ ಏಷ್ಯದಲ್ಲಿ ಬೇಸಾಯ ಶುರುವಾಯಿತು. ಧಾನ್ಯ ಕೂಡಿಟ್ಟಲ್ಲಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿ ಸಿಕ್ಕಿದೆ, ಸುಮಾರು 9,500 ವರ್ಷ ಹಳೆಯದು. ಆ ದ್ವೀಪದಲ್ಲಿ ಬೆಕ್ಕು ಮೊದಲು ಇರಲೇ ಇಲ್ಲ, ಯಾರೋ ದೋಣಿಯಲ್ಲಿ ಕೊಂಡುಹೋಗಿರಬೇಕು.

ಲಿಬಿಕಾದ ಒಂದು ಉಪಜಾತಿ ನಮ್ಮ ದೇಶದಲ್ಲೂ ಉಂಟು, ರಾಜಸ್ಥಾನ ಮತ್ತು ಕಚ್ಛ್ ಕಡೆ. ಕೇರಳದಲ್ಲಿ ಇಲ್ಲ.

95.6ರ ಸಂಗತಿ 2013ರಲ್ಲಿ ಹುಲಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಪಾಠ, ಪ್ರಕಟವಾದಾಗಿನದು. ಹುಲಿ ಮತ್ತು ಬೆಕ್ಕಿನ ಜೀನೋಮ್‌ಗಳ ನಡುವಿನ ಹೋಲಿಕೆ ಅದು. ಆ ಎರಡು ಕವಲುಗಳು ಬೇರೆಯಾಗಿ ಸುಮಾರು 1.08 ಕೋಟಿ ವರ್ಷ ಆಗಿದೆ. ಹೋಲಿಕೆಯನ್ನು ‘ಇಷ್ಟು ಪಾಲು ಹುಲಿ’ ಎಂದು ಓದಬಾರದು. ಬೆಕ್ಕಿನ ನಡತೆ ಅರ್ಥವಾಗಬೇಕಾದರೆ ಹುಲಿಯನ್ನು ನೋಡಿ ಪ್ರಯೋಜನ ಇಲ್ಲ. ಒಂಟಿಯಾಗಿ ಇಲಿ ಹಿಡಿದು ಬದುಕುವ, ತನ್ನನ್ನೇ ನರಿ, ನಾಯಿ, ಗೂಬೆ ಹಿಡಿಯಬಹುದಾದ ಸಣ್ಣ ಪ್ರಾಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೇಟೆಗಾರನೂ ಹೌದು, ಬೇಟೆಯೂ ಹೌದು. ಎತ್ತರದಲ್ಲಿ ಕೂರುವುದು, ರಟ್ಟಿನ ಪೆಟ್ಟಿಗೆಗೆ ನುಗ್ಗುವುದು, ನೋವಿದ್ದರೂ ತೋರಿಸದೆ ಅಟ್ಟದ ಮೂಲೆ ಸೇರುವುದು, ಇವೆಲ್ಲ ಆ ಎರಡನೆಯ ಪಾತ್ರದವು.

ಪಶುಚಿಕಿತ್ಸೆ (ಕುಂಬಳೆ)

ಬೇಟೆಯ ವಿಷಯ ನಾನು ಬರೆಯುತ್ತೇನೆ. ಲೆಕ್ಕದಿಂದ ಶುರು ಮಾಡಿದರೆ ಸುಲಭ. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋಕ್ಯಾಲರಿ ಬೇಕು. ಒಂದು ಚಿಟ್ಟಿಲಿಯಿಂದ ಸಿಗುವುದು ಸುಮಾರು 30. ಅಂದರೆ ದಿನಕ್ಕೆ ಏಳೆಂಟು ಇಲಿ, ಮತ್ತು ಹಾರಿದ ಸಲವೆಲ್ಲ ಇಲಿ ಸಿಕ್ಕುವುದೂ ಇಲ್ಲ. ಹಸಿವಾದ ಮೇಲೆ ಹೊರಟರೆ ಹೊಟ್ಟೆ ತುಂಬುವುದು ಯಾವಾಗ? ಆದ್ದರಿಂದ ಬೆಕ್ಕಿನ ಮಿದುಳಿನಲ್ಲಿ ಹಸಿವು ಬೇರೆ, ಬೇಟೆ ಬೇರೆ. ತಟ್ಟೆಯಲ್ಲಿ ಮೀನು ತಿನ್ನುತ್ತಿದ್ದರೂ ಮೂಲೆಯಲ್ಲಿ ಸರಕ್ ಎಂದರೆ ತಟ್ಟೆ ಬಿಟ್ಟು ಓಡುತ್ತದೆ. ದಿನದಲ್ಲಿ ಹತ್ತು ಸಲ ಸ್ವಲ್ಪ ಸ್ವಲ್ಪ ತಿನ್ನುವ ಅಭ್ಯಾಸವೂ ಇದೇ ಏಳೆಂಟು ಇಲಿಯ ಲೆಕ್ಕದಿಂದ ಬಂದದ್ದು.

ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ ಬದಿಯಲ್ಲಿ ಬೆಕ್ಕು ಇಲಿಗೆ ಕಾಯುವುದನ್ನು ಹತ್ತಿರದಿಂದ ನೋಡಿ. ಹೊಟ್ಟೆ ನೆಲಕ್ಕೆ ತಾಗಿರುತ್ತದೆ, ಕಿವಿ ಎರಡೂ ಮುಂದಕ್ಕೆ, ಬಾಲದ ತುದಿ ಮಾತ್ರ ಅಲುಗುತ್ತದೆ. ಹಾರುವ ಮೊದಲು ಹಿಂಗಾಲುಗಳನ್ನು ಒಂದರ ನಂತರ ಒಂದು ಊರಿ ಸೊಂಟ ಕುಲುಕಿಸುತ್ತದೆ. ಮುಂಗಾಲಲ್ಲಿ ಒತ್ತಿ ಹಿಡಿದು ಕುತ್ತಿಗೆಯ ಹಿಂದೆ ಕಚ್ಚುತ್ತದೆ. ಕೋರೆಹಲ್ಲು ಎರಡು ಕಶೇರುಗಳ ನಡುವೆ ಇಳಿದು ಬೆನ್ನುಹುರಿ ಕಡಿಯುತ್ತದೆ. ಹಲ್ಲು ಸರಿಯಾದ ಜಾಗಕ್ಕೆ ಇಳಿಯದಿದ್ದರೆ ಇಲಿ ತಿರುಗಿ ಕಚ್ಚುತ್ತದೆ, ಒಂಟಿ ಬೇಟೆಗಾರನ ಕಣ್ಣು ಹೋದರೆ ಬದುಕೇ ಹೋಯಿತು. ‘ಆಡಿಸುವುದು’ ಎಂದು ನಮಗೆ ಕಾಣುವುದರಲ್ಲಿ ಹೆಚ್ಚಿನದು ಈ ಹೆದರಿಕೆ: ಬಿಟ್ಟು, ತಟ್ಟಿ, ಸುಸ್ತು ಮಾಡಿಸಿ ಆಮೇಲೆ ಕಚ್ಚುವುದು. ಹಸಿವು ಜಾಸ್ತಿ ಇದ್ದರೆ ಬೇಗ ಕೊಲ್ಲುತ್ತದೆ. ಇಲಿ ದೊಡ್ಡದಾದಷ್ಟು ಆಟ ಉದ್ದವಾಗುತ್ತದೆ.

ಕೊಂದು ತಿನ್ನದ ಬೆಕ್ಕುಗಳಿಗೆ ಇನ್ನೊಂದು ಕಾರಣ ಉಂಟು. ತಾಯಿ ಮರಿಗಳಿಗೆ ಮೊದಲು ಸತ್ತ ಇಲಿ, ಆಮೇಲೆ ಅರೆಜೀವದ್ದು, ಕೊನೆಗೆ ಜೀವಂತ ಇಲಿ ತಂದುಕೊಡುತ್ತದೆ. ಆ ಪಾಠ ಆಗುವ ಮೊದಲೇ ತಾಯಿಯಿಂದ ಬಿಡಿಸಿದ ಮರಿಗೆ ಹಿಡಿಯಲು ಬರುತ್ತದೆ, ಹಿಡಿದದ್ದು ಊಟ ಎಂದು ಗೊತ್ತಿರುವುದಿಲ್ಲ.

ಹಕ್ಕಿಪಟ್ಟಿ (ಕುಂಬಳೆ)

ಹಾಗಾದರೆ ಹಕ್ಕಿ ಉಳಿಸಲು ಕುತ್ತಿಗೆಗೆ ಗೆಜ್ಜೆ ಕಟ್ಟಿದರೆ ಸಾಕಲ್ಲ ಡಾಕ್ಟ್ರೇ? ಪಿಕಳಾರ ಹಕ್ಕಿಗಳೆಲ್ಲ ಬೇಲಿಯಲ್ಲಿ ತಗ್ಗಿನಲ್ಲೇ ಗೂಡು ಕಟ್ಟುತ್ತವೆ.

ಪಶುಚಿಕಿತ್ಸೆ (ಕುಂಬಳೆ)

ಗೆಜ್ಜೆಯನ್ನು ನಂಬಿ ಕೂರಬೇಡಿ. ಪ್ರಯೋಜನ ಉಂಟು ಎಂದು 2002ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಹೇಳಿತ್ತು. ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ಗೆಜ್ಜೆಯಿಂದ ಗುರುತಿಸುವಷ್ಟು ವ್ಯತ್ಯಾಸ ಕಾಣಲಿಲ್ಲ. ಫಲ ಕೊಟ್ಟದ್ದು ಬೇರೆ ಮೂರು: ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟ ಮನೆಗಳಿಗೆ ಬೆಕ್ಕು ತಂದ ಬೇಟೆ ಶೇ. 36 ಇಳಿಯಿತು, ದಿನಕ್ಕೆ 5ರಿಂದ 10 ನಿಮಿಷ ಬೇಟೆಯಂತೆ ಆಡಿಸಿದಲ್ಲಿ ಶೇ. 25, ಬಣ್ಣಬಣ್ಣದ ಅಗಲ ಬಟ್ಟೆಪಟ್ಟಿ ತೊಡಿಸಿದಲ್ಲಿ ಹಕ್ಕಿಗಳ ಮಟ್ಟಿಗೆ ಶೇ. 42. ಇಲಿಗೆ ಬಣ್ಣದ ಪಟ್ಟಿ ಲೆಕ್ಕಕ್ಕಿಲ್ಲ, ಅದನ್ನು ನೋಡಿ ಹಾರಿಹೋಗುವುದು ಹಕ್ಕಿ.

ಆಡಿಸುವುದಕ್ಕೂ ಕ್ರಮ ಉಂಟು. ಮೂರು ಅಡಿ ಕೋಲು, ಅದಕ್ಕೆ ಮೂರು ಅಡಿ ದಾರ, ತುದಿಗೆ ಬಟ್ಟೆಚೂರು. ಬೆಕ್ಕಿನ ಮುಖದ ಹತ್ತಿರ ಬೀಸಬೇಡಿ, ಇಲಿ ಎಂದೂ ಬೆಕ್ಕಿನ ಕಡೆಗೆ ಓಡಿಬರುವುದಿಲ್ಲ. ಅದರಿಂದ ದೂರಕ್ಕೆ, ಚಾಪೆಯ ಅಡಿಗೆ, ಕಂಬದ ಹಿಂದಕ್ಕೆ ಎಳೆಯಿರಿ. ನಿಲ್ಲಿಸಿ, ಮತ್ತೆ ಸ್ವಲ್ಪ ಅಲುಗಿಸಿ. ಕೊನೆಗೆ ಹಿಡಿಯಲು ಬಿಡಿ, ಕೂಡಲೇ ಊಟ ಹಾಕಿ. ಬೆಳಕು ಹರಿಯುವ ಮೊದಲು ಮತ್ತು ಮುಸ್ಸಂಜೆ ಆಡಿಸಿದರೆ ಒಳ್ಳೆಯದು, ಅದರ ಬೇಟೆಯ ಹೊತ್ತು ಅದೇ. ಆಟ ಮುಗಿದ ಮೇಲೆ ದಾರ ಎತ್ತಿಡಲೇಬೇಕು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖ, ಬಾಯಿಗೆ ಹೋದ ದಾರ ಹಿಂದೆ ಬರುವುದಿಲ್ಲ. ಹೊಟ್ಟೆಗೆ ಹೋದರೆ ಕರುಳು ಅದರ ಮೇಲೆ ನೆರಿಗೆಯಾಗಿ ಸೀಳುತ್ತದೆ. ಗುದದಲ್ಲಿ ದಾರದ ತುದಿ ಕಂಡರೂ ಎಳೆಯಬೇಡಿ, ಹಾಗೆಯೇ ಆಸ್ಪತ್ರೆಗೆ ತನ್ನಿ.

ಹಾಳೆಮುಟ್ಟಾಳೆ (ಬದಿಯಡ್ಕ)

‘ಮಾಂಸದ ಪ್ರೋಟೀನ್’ ಎಂದಿರಿ. ನಮ್ಮ ಊರಿನ ಹವ್ಯಕರ ಮನೆಗಳಲ್ಲಿ ಪುಚ್ಚೆಗೆ ಸಿಗುವುದು ಹಾಲು, ಮಜ್ಜಿಗೆ ಅನ್ನ, ಹೆಚ್ಚೆಂದರೆ ತುಪ್ಪ. ತಲೆಮಾರುಗಳಿಂದ ಹಾಗೆಯೇ ಬದುಕಿವೆಯಲ್ಲ? ಪಾಯಸವನ್ನೂ ನೆಕ್ಕುತ್ತವೆ.

ಪಶುಚಿಕಿತ್ಸೆ (ಕುಂಬಳೆ)

ಬದುಕಿದ್ದು ಮಜ್ಜಿಗೆ ಅನ್ನದಿಂದ ಅಲ್ಲ, ಹಟ್ಟಿಯ ಇಲಿಯಿಂದ. ಅನ್ನ ಹೊಟ್ಟೆ ತುಂಬಿಸಿತು, ಉಳಿದದ್ದನ್ನು ಬೆಕ್ಕು ತೋಟದಲ್ಲಿ ತಾನೇ ಹುಡುಕಿಕೊಂಡಿತು. ಅದೇ ಮನೆಯವರು ಪೇಟೆಯ ಫ್ಲ್ಯಾಟಿಗೆ ಹೋಗಿ, ಬಾಗಿಲು ಹಾಕಿ ಅದೇ ಊಟ ಹಾಕಿದರೆ ಅಲ್ಲಿ ತೊಂದರೆ ಶುರು.

ಮುಖ್ಯ ಸಂಗತಿ ಟಾರಿನ್. ಇದು ಪ್ರಾಣಿಮಾಂಸದಲ್ಲಿ ಮಾತ್ರ ಸಾಕಷ್ಟು ಸಿಗುವ ವಸ್ತು. ನಾಯಿಯ ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಸಾಕಾಗುವಷ್ಟು ಆಗುವುದಿಲ್ಲ. ಕಾಡಿನಲ್ಲಿ ಮೂರು ಹೊತ್ತೂ ಮಾಂಸವೇ ತಿನ್ನುವ ಪ್ರಾಣಿಗೆ ಅದನ್ನು ಒಳಗೆ ತಯಾರಿಸುವ ಅಗತ್ಯ ಬೀಳಲಿಲ್ಲ. ಸಸ್ಯದ ಕ್ಯಾರೊಟಿನ್‌ನಿಂದ ಎ ಜೀವಸತ್ವ ಮಾಡಿಕೊಳ್ಳಲೂ ಅದಕ್ಕೆ ಬರುವುದಿಲ್ಲ, ಹಾಗಾಗಿ ಕ್ಯಾರೆಟ್ ಬೇಯಿಸಿ ಹಾಕಿ ಫಲ ಇಲ್ಲ. ಟಾರಿನ್ ಕೊರತೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಆಮೇಲೆ ಕಣ್ಣಿನ ಪಾಪೆ ಬೆಳಕಿನಲ್ಲೂ ಅಗಲವಾಗಿಯೇ ಉಳಿಯುತ್ತದೆ, ಸಂಜೆ ನಡೆಯುವಾಗ ಕಾಲ್ಮಣೆಗೆ ಢಿಕ್ಕಿ ಹೊಡೆಯುತ್ತದೆ. ಅಕ್ಷಿಪಟಲಕ್ಕೆ ಆದ ಹಾನಿ ಮತ್ತೆ ಸರಿಯಾಗುವುದಿಲ್ಲ. ಹೃದಯ ಹಿಗ್ಗಿ ಸೋಲುವುದಕ್ಕೂ ಇದೇ ಕಾರಣ ಎಂದು 1987ರಲ್ಲಿ ಗೊತ್ತಾಯಿತು. ಹೃದಯದ್ದನ್ನು ಬೇಗ ಗುರುತಿಸಿದರೆ ಸರಿಪಡಿಸಬಹುದು, ಸಾಮಾನ್ಯ ಪ್ರಮಾಣ 250 ಮಿಲಿಗ್ರಾಂ ಟಾರಿನ್ ದಿನಕ್ಕೆ ಎರಡು ಸಲ, ವೈದ್ಯರು ನೋಡಿದ ಮೇಲೆ.

ಮನೆಯಲ್ಲಿ ಮಾಂಸ, ಮೀನು ಬೇಯಿಸದವರು ಬೆಕ್ಕನ್ನು ಒಳಗೇ ಸಾಕುವುದಾದರೆ ‘ಸಂಪೂರ್ಣ ಆಹಾರ’ ಎಂದು ಬರೆದಿರುವ, ಟಾರಿನ್ ಸೇರಿಸಿದ ತಯಾರಿ ಆಹಾರ ಕೊಡಿ. ಒಣ ಆಹಾರದಲ್ಲಿ ಟಾರಿನ್ ಕನಿಷ್ಠ ಶೇ. 0.1, ಡಬ್ಬಿಯ ಹಸಿ ಆಹಾರದಲ್ಲಿ ನೀರಿನಂಶ ಕಳೆದ ಲೆಕ್ಕದಲ್ಲಿ ಶೇ. 0.2 ಇರಬೇಕು. ನಾಯಿಯ ಆಹಾರ ಆಗುವುದಿಲ್ಲ.

ಮೀನು ತಿನ್ನುವ ಮನೆಯವರಿಗೆ: ಬೂತಾಯಿ ಒಂದನ್ನೇ ದಿನಾ ಹಾಕಬೇಡಿ. ಎಣ್ಣೆಮೀನು ಅತಿಯಾಗಿ ಇ ಜೀವಸತ್ವ ಕಡಿಮೆಯಾದರೆ ಚರ್ಮದಡಿಯ ಕೊಬ್ಬು ಉರಿಬರುತ್ತದೆ, ಬೆನ್ನು ಮುಟ್ಟಲು ಬಿಡದೆ ಚೀರುತ್ತದೆ. ಕೆಲವು ಮೀನುಗಳ ಹಸಿಮಾಂಸ ಬಿ1 ಜೀವಸತ್ವವನ್ನು ಒಡೆಯುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಬೇಯಿಸಿದ ನೀರು ಚೆಲ್ಲಬೇಡಿ, ಟಾರಿನ್ ನೀರಿಗೆ ಇಳಿದಿರುತ್ತದೆ. ಮೀನಿನ ಸಾರು ಮಾತ್ರ ಬೇಡವೇ ಬೇಡ: ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಪಾಯಸದ ಸಿಹಿ ಬೆಕ್ಕಿಗೆ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸುವ ಒಂದು ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಕಂಡುಕೊಂಡರು, ಹುಲಿಯಲ್ಲೂ ಚೀತಾದಲ್ಲೂ ಹಾಗೆಯೇ. ನೆಕ್ಕುವುದು ತುಪ್ಪಕ್ಕೆ ಮತ್ತು ಹಾಲಿನ ಕೊಬ್ಬಿಗೆ.

ತೋಟದಂಚು (ಪೆರ್ಲ)

ನೀರು ಕುಡಿಯುವುದೇ ಅಪರೂಪ, ಅದೂ ಒಣನೆಲದ ಗುಣವಾ?

ಪಶುಚಿಕಿತ್ಸೆ (ಕುಂಬಳೆ)

ಹೌದು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರೇ. ಲಿಬಿಕಾ ಅದರಲ್ಲೇ ಬಹುಪಾಲು ಸುಧಾರಿಸಿಕೊಳ್ಳುತ್ತಿತ್ತು, ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವ ಮೂತ್ರಪಿಂಡ ಅದರದ್ದು. ಬಾಯಾರಿಕೆ ನಿಧಾನ. ಒಣ ಆಹಾರ ಮಾತ್ರ ತಿನ್ನುವ ಬೆಕ್ಕಿನಲ್ಲಿ ಈ ಗುಣ ತಿರುಗುಬಾಣ ಆಗುತ್ತದೆ. ಮುಖ್ಯವಾಗಿ ಗಂಡುಬೆಕ್ಕು, ಮೂತ್ರನಾಳ ಸಪೂರ. ನಿಮಿಷಕ್ಕೊಮ್ಮೆ ಮರಳಿಗೆ ಹೋಗಿ ಕೂರುವುದು, ಒಂದೆರಡು ಹನಿ, ಕೂಗುವುದು, ಅಡಿಭಾಗ ನೆಕ್ಕುವುದು ಕಂಡರೆ ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರ ಕಟ್ಟಿದೆ. ಅದೇ ದಿನ ಆಸ್ಪತ್ರೆ, ಮರುದಿನಕ್ಕೆ ಇಟ್ಟರೆ ಬೆಕ್ಕು ಉಳಿಯದೆ ಹೋಗಬಹುದು.

ಪಯಸ್ವಿನಿ (ಆದೂರು)

ಏಳು ಮನೆಯ ವಿಷಯ ಯಾರೂ ಮುಟ್ಟಲಿಲ್ಲ. ಕಾಡಿನ ತಾಯಿಬೆಕ್ಕುಗಳೂ ಮರಿಗಳನ್ನು ಜಾಗ ಬದಲಿಸುತ್ತಲೇ ಇರುತ್ತವೆ. ಒಂದೇ ಪೊದರಿನಲ್ಲಿ ಇದ್ದರೆ ವಾಸನೆ ಕೂಡುತ್ತದೆ, ಚಿಗಟ ಹೆಚ್ಚುತ್ತದೆ, ಶತ್ರು ಪತ್ತೆಹಚ್ಚುತ್ತದೆ. ಬೇರೆ ಗಂಡು ಬಂದು ಮರಿ ಕೊಲ್ಲುವುದೂ ಉಂಟು. ಮರಿ ಇಲ್ಲದಾದರೆ ಹೆಣ್ಣು ಬೇಗ ಬೆದೆಗೆ ಬರುತ್ತದೆ. ಮರಿಗಳಿಗೆ ಮೂರು ನಾಲ್ಕು ವಾರ ಆದಾಗ ಇಲಿ ಸಿಗುವ ಜಾಗದ ಹತ್ತಿರಕ್ಕೆ ಒಯ್ಯುತ್ತದೆ. ಸಂಖ್ಯೆ ಏಳು ಅಲ್ಲದಿದ್ದರೂ ಹಿರಿಯರು ನೋಡಿದ್ದು ಸರಿಯೇ.

ಜಾಗ ಬದಲಿಸುವುದನ್ನು ತಡೆಯಲು ಹೋಗಬೇಡಿ, ಒಳ್ಳೆಯ ಜಾಗ ಎರಡು ಮೂರು ಒದಗಿಸಿಕೊಡಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆ, ಬಾಗಿಲ ಹೊಸ್ತಿಲು ನಾಲ್ಕು ಇಂಚು ಎತ್ತರ ಇದ್ದರೆ ಮರಿ ತೆವಳಿ ಹೊರಗೆ ಬೀಳುವುದಿಲ್ಲ. ಒಳಗೆ ಹಳೆಯ ನೂಲಿನ ಸೀರೆ. ಬಟ್ಟೆ ಎಲ್ಲ ಒಮ್ಮೆಗೇ ಬದಲಿಸಿದರೆ ಗೂಡಿನ ವಾಸನೆ ಹೋಗಿ ತಾಯಿ ಅದೇ ರಾತ್ರಿ ಮರಿ ಎತ್ತುತ್ತದೆ, ಅರ್ಧರ್ಧ ಬದಲಿಸಿ. ಒಂದು ಪೆಟ್ಟಿಗೆ ಅಟ್ಟದಲ್ಲಿ, ಒಂದು ಹಟ್ಟಿಯ ಬದಿಯಲ್ಲಿ ಇರಲಿ. ಮಳೆಗಾಲದಲ್ಲಿ ಇರುವೆಯದ್ದೇ ಅಪಾಯ, ಕಣ್ಣು ಬಿಡದ ಮರಿಗೆ ಮುತ್ತಿಕೊಂಡರೆ ಮುಗಿಯಿತು. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಮಣೆಯ ಕಾಲುಗಳನ್ನು ನೀರು ತುಂಬಿದ ತೆಂಗಿನ ಗೆರಟೆಗಳಲ್ಲಿ ನಿಲ್ಲಿಸಿ.

ಇನ್ನೊಂದು, ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈ ತಾಗದ ಮರಿ ಆಮೇಲೆ ಪಳಗುವುದು ಬಹಳ ಕಷ್ಟ. ಈ ಕಿಟಕಿ ಮುಚ್ಚಿದರೆ ಮನೆಬೆಕ್ಕಿನ ಮರಿಯೂ ಕಾಡಿನದ್ದೇ. ಸಾಕುವಿಕೆ ರಕ್ತದಲ್ಲಿ ಅರ್ಧ ಮಾತ್ರ, ಇನ್ನರ್ಧವನ್ನು ಪ್ರತಿ ಮರಿಗೂ ಹೊಸದಾಗಿ ಕಲಿಸಬೇಕು.

ಕಾನಬಳ್ಳಿ (ಮಂಜೇಶ್ವರ)

ಅಕ್ಕ ಹೇಳಿದ್ದು ಬಹಳ ಮುಖ್ಯ. ಹಾಗಾದರೆ 10,000 ವರ್ಷದಲ್ಲಿ ಬದಲಾದದ್ದೆಂತ? ನಿಜವಾಗಿ ಸ್ವಲ್ಪವೇ. ಕಪಾಲದ ಒಳಗಾತ್ರ ಕಾಡಿನದಕ್ಕಿಂತ ಸಣ್ಣದಾಗಿದೆ, ಕರುಳು ಉದ್ದವಾಗಿದೆ. 2014ರಲ್ಲಿ ಬೆಕ್ಕಿನ ಜೀನೋಮನ್ನು ಕಾಡುಬೆಕ್ಕಿನದಕ್ಕೆ ಹೋಲಿಸಿದಾಗ ವ್ಯತ್ಯಾಸ ಕಂಡ ಜೀನ್‌ಗಳಲ್ಲಿ ಹೆದರಿಕೆ, ನೆನಪು, ಪ್ರತಿಫಲದಿಂದ ಕಲಿಯುವುದು ಇವಕ್ಕೆ ಸಂಬಂಧಿಸಿದವು ಸೇರಿದ್ದವು.

ನಡತೆಯಲ್ಲಿ ಕಣ್ಣಿಗೆ ಕಾಣುವುದು ಬಾಲ. ಗೇಟಿನ ಹತ್ತಿರ ನಿಮ್ಮನ್ನು ಕಂಡು ಬಾಲವನ್ನು ಕಂಬದ ಹಾಗೆ ನೆಟ್ಟಗೆ ಎತ್ತಿ, ತುದಿ ಸ್ವಲ್ಪ ಬಾಗಿಸಿ ಬರುತ್ತದಲ್ಲ, ಅದು ‘ಜಗಳಕ್ಕೆ ಬಂದದ್ದಲ್ಲ’ ಎಂಬ ಮಾತು. ಒಂಟಿಯಾಗಿ ಬದುಕುವ ಲಿಬಿಕಾ ದೊಡ್ಡದಾದ ಮೇಲೆ ಹೀಗೆ ಸ್ವಾಗತ ಮಾಡುವುದಿಲ್ಲ. ಒಂದೇ ಕಣಜದ ಸುತ್ತ ಹಲವು ಬೆಕ್ಕು ಸೇರಿ ಬದುಕಬೇಕಾದಾಗ ಈ ಸಂಜ್ಞೆ ಬೇಕಾಯಿತು. ಮ್ಯಾವ್ ಕೂಡ ಹಾಗೆಯೇ. ಮರಿ ತಾಯಿಯನ್ನು ಕರೆಯುವ ದನಿಯನ್ನು ದೊಡ್ಡ ಬೆಕ್ಕು ಮನುಷ್ಯರ ಮುಂದೆ ಉಳಿಸಿಕೊಂಡಿದೆ, ಬೆಕ್ಕು ಬೆಕ್ಕುಗಳ ನಡುವೆ ಅದು ಕಡಿಮೆ. ನಿಕಾಸ್ಟ್ರೊ ಎಂಬವರು 2004ರಲ್ಲಿ ಮನೆಬೆಕ್ಕು, ಆಫ್ರಿಕದ ಕಾಡುಬೆಕ್ಕು ಎರಡರ ಕೂಗನ್ನೂ ಜನರಿಗೆ ಕೇಳಿಸಿದರು. ಮನೆಬೆಕ್ಕಿನದು ಚಿಕ್ಕ, ತಾರಕ; ಜನ ಅದನ್ನೇ ಕೇಳಲು ಹಿತ ಎಂದರು. ಮಡಿಲಲ್ಲಿ ಕೂತು ಎರಡು ಕಾಲಲ್ಲಿ ನಾದುವುದು ಮೊಲೆಹಾಲು ಇಳಿಸಲು ಮರಿ ಮಾಡುವ ಕೆಲಸ. ಆಗ ಉಗುರು ತಾಗಿತೆಂದು ಹೊಡೆದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ, ಒಂದು ದಪ್ಪ ಬೈರಾಸು ಹಾಸಿಕೊಳ್ಳಿ.

ಹಾಳೆಮುಟ್ಟಾಳೆ (ಬದಿಯಡ್ಕ)

ಸೋಫಾ ಗೀರುವುದು ಉಗುರು ಹರಿತ ಮಾಡಲಿಕ್ಕಲ್ಲವೇ?

ಕಾನಬಳ್ಳಿ (ಮಂಜೇಶ್ವರ)

ಹಳೆಯ ಉಗುರಿನ ಸಿಪ್ಪೆ ಕಳಚಲು ಒಂದು, ಪಾದದ ವಾಸನೆ ಬಿಟ್ಟು ‘ಈ ದಾರಿ ನನ್ನದು’ ಎನ್ನಲು ಇನ್ನೊಂದು. ಅದಕ್ಕೇ ನಡುಮನೆಯ ಕಾಣುವ ಜಾಗವನ್ನೇ ಆರಿಸುತ್ತದೆ, ಮೂಲೆಯಲ್ಲಿ ಕಂಬ ಇಟ್ಟರೆ ಮುಟ್ಟುವುದಿಲ್ಲ. ಮೂರಡಿ ಎತ್ತರದ ಅಡಿಕೆ ಮರದ ತುಂಡಿಗೆ ಕತ್ತದ ಹಗ್ಗ ಸಂದಿಲ್ಲದೆ ಬಿಗಿಯಾಗಿ ಸುತ್ತಿ, ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಬುಡ ಅಲ್ಲಾಡಬಾರದು, ಒಮ್ಮೆ ವಾಲಿದರೆ ಮತ್ತೆ ಅತ್ತ ಬರುವುದಿಲ್ಲ. ಬೆಕ್ಕು ಮೈ ನೀಳ ಮಾಡಿ ಎಟುಕಿಸುವಷ್ಟು ಎತ್ತರ ಬೇಕು, ಒಂದಡಿಯ ಗೊಂಬೆಕಂಬ ಸಾಲದು.

ಹಕ್ಕಿಪಟ್ಟಿ (ಕುಂಬಳೆ)

ಗುಡ್ಡೆಯಲ್ಲಿ ಕಾಣುವುದು ಯಾವುದು ಎಂದು ಗುರುತಿಸಲು ಕೆಲವು ಮಾತು. ಕಾಡುಬೆಕ್ಕು ಉದ್ದ ಕಾಲಿನದು, ಮೈ ಮರಳು ಬಣ್ಣ, ಚುಕ್ಕೆ ಇಲ್ಲ. ಬಾಲ ಗಿಡ್ಡ, ಹಿಂಗಾಲಿನ ಮಂಡಿಯಿಂದ ಸ್ವಲ್ಪ ಕೆಳಗಿನವರೆಗೆ, ತುದಿಯಲ್ಲಿ ಕಪ್ಪು ಬಳೆ. ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕುಚ್ಚು. ಹಗಲಲ್ಲೂ ಓಡಾಡುತ್ತದೆ. ಚಿರತೆ ಬೆಕ್ಕು, ಮಲೆಯಾಳದ ಪುಲಿಪ್ಪೂಚ್ಚ, ಮನೆಬೆಕ್ಕಿನಷ್ಟೇ ಗಾತ್ರ, ಮೈತುಂಬ ಚುಕ್ಕೆ, ಹಣೆಯಿಂದ ಕುತ್ತಿಗೆಗೆ ಕಪ್ಪು ಗೆರೆ, ಕಿವಿಯ ಹಿಂದೆ ಬಿಳಿ ಬೊಟ್ಟು. ಇದು ಫೆಲಿಸ್ ಕುಲವೂ ಅಲ್ಲ. ಚೀನದ ಹಳೆಯ ಹಳ್ಳಿಗಳಲ್ಲಿ 5,000 ವರ್ಷ ಹಿಂದೆ ಮನುಷ್ಯರ ಜೊತೆ ಇದ್ದದ್ದು ಇದೇ ಜಾತಿ ಎಂದು ಮೂಳೆಗಳಿಂದ ಗೊತ್ತಾಗಿದೆ, ಆದರೆ ಅದು ಮನೆಯ ಪ್ರಾಣಿಯಾಗಿ ಉಳಿಯಲಿಲ್ಲ. ಮಾಡಿನ ಮೇಲೆ ರಾತ್ರಿ ಓಡುವ, ಪಪ್ಪಾಯಿ, ಬೈನೆ ಹಣ್ಣು ತಿನ್ನುವ ಉದ್ದ ಮೂತಿಯದು ಮರಬೆಕ್ಕು, ಮಲೆಯಾಳದ ಮರಪ್ಪಟ್ಟಿ. ಹೆಸರಲ್ಲಿ ಬೆಕ್ಕು ಇದ್ದರೂ ಅದು ಪುನುಗಿನ ಕುಟುಂಬದ್ದು.

ತೋಟದಂಚು (ಪೆರ್ಲ)

ಗೇರುಗುಡ್ಡೆಯಲ್ಲಿ ಕಾಡು ಸವರುವಾಗ ಪಟ್ಟೆಪಟ್ಟೆಯ ಮರಿಗಳು ಸಿಕ್ಕಿದರೆ? ಅದು ಕಾಡುಬೆಕ್ಕಿನದ್ದಾ, ಊರಿನದ್ದಾ? ಜನ ಎತ್ತಿ ಮನೆಗೆ ತರುತ್ತಾರೆ.

ಪಯಸ್ವಿನಿ (ಆದೂರು)

ಕಾಡುಬೆಕ್ಕಿನ ಮರಿಗೂ ಹುಟ್ಟುವಾಗ ಪಟ್ಟೆ ಇರುತ್ತದೆ, ಬೆಳೆಯುತ್ತಾ ಮಾಸುತ್ತದೆ. ಆದ್ದರಿಂದ ಪಟ್ಟೆ ನೋಡಿ ಊರಿನದ್ದು ಎನ್ನಬೇಡಿ, ಗುಡ್ಡೆಯಲ್ಲಿ ಸಿಕ್ಕಿದ್ದು ಕಾಡಿನದ್ದೇ ಎಂದು ತಿಳಿದು ನಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇವಕ್ಕೆ ರಕ್ಷಣೆ ಉಂಟು, ಸಾಕುವಂತಿಲ್ಲ. ತಾಯಿ ಬಿಟ್ಟುಹೋದದ್ದಲ್ಲ, ಕತ್ತಿಯ ಸದ್ದಿಗೆ ಸರಿದು ಹತ್ತಿರದಲ್ಲೇ ಕೂತಿರುತ್ತದೆ. ಆ ಜಾಗದ ಸುತ್ತ ಸವರುವುದನ್ನು ಅಂದಿಗೆ ನಿಲ್ಲಿಸಿ ಎಲ್ಲರೂ ದೂರ ಹೋಗಿ.

ಪಶುಚಿಕಿತ್ಸೆ (ಕುಂಬಳೆ)

ಇದಕ್ಕೆ ಸೇರಿಸುತ್ತೇನೆ. ಅಗಳು ದಾಟಿ ಹೋಗುವ ಮನೆಬೆಕ್ಕು ರೋಗವನ್ನೂ ಕೊಂಡೊಯ್ಯುತ್ತದೆ, ಪ್ಯಾನ್‌ಲ್ಯುಕೋಪೀನಿಯ ಎಂಬ ಬೆಕ್ಕುಗಳ ವೈರಸ್ ರೋಗ ಕಾಡುಬೆಕ್ಕಿಗೂ ತಗಲುತ್ತದೆ. ಲಸಿಕೆ 8 ವಾರಕ್ಕೆ ಶುರು ಮಾಡಿ ನಾಲ್ಕು ನಾಲ್ಕು ವಾರದ ಅಂತರದಲ್ಲಿ 16 ವಾರದವರೆಗೆ, ರೇಬೀಸ್‌ನದು ಮೂರು ತಿಂಗಳಿಗೆ. ಸಂತಾನಹರಣ ನಾಲ್ಕರಿಂದ ಆರು ತಿಂಗಳ ನಡುವೆ, ಮೊದಲ ಬೆದೆಗೆ ಮುಂಚೆ. ಗಂಡಿಗೂ ಮಾಡಿಸಿ. ಊರೂರು ತಿರುಗುವುದು, ಕಾದಾಟ, ಗೋಡೆಗೆ ಮೂತ್ರ ಸಿಡಿಸುವುದು ಹತ್ತರಲ್ಲಿ ಎಂಟೊಂಬತ್ತು ಗಂಡುಗಳಲ್ಲಿ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಕಾಡುಬೆಕ್ಕು ಊರಬೆಕ್ಕಿನೊಡನೆ ಬೆರೆತು ಬೆರೆತು ತನ್ನ ಶುದ್ಧ ತಳಿಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದೆ.

ತೋಟದಂಚು (ಪೆರ್ಲ)

ಮರಿಗಳನ್ನು ಆಗಲೇ ಯಾರೋ ಮನೆಗೆ ತಂದಾಗಿದ್ದರೆ?

ಪಯಸ್ವಿನಿ (ಆದೂರು)

ಅರಣ್ಯ ಇಲಾಖೆಗೆ ತಿಳಿಸಿ, ಅದೇ ದಿನ ಮುಸ್ಸಂಜೆಗೆ ಸಿಕ್ಕಿದ ಜಾಗದಲ್ಲೇ ವಾಪಸ್ ಇಡಬೇಕು. ಹತ್ತು ಹೆಜ್ಜೆ ಆಚೆ ಈಚೆ ಆದರೂ ಚಿಂತಿಲ್ಲ, ಬೇರೆ ಗುಡ್ಡೆ ಆಗಬಾರದು. ಮೇಲೆ ತೆರೆದ, ತಾಯಿ ಇಣುಕಿ ಎತ್ತಿಕೊಳ್ಳಲು ಆಗುವಷ್ಟು ತಗ್ಗಿನ ರಟ್ಟಿನ ಪೆಟ್ಟಿಗೆ, ಒಳಗೆ ಒಣ ತರಗೆಲೆ. ಮನೆಯ ಬಟ್ಟೆ ಹಾಕಬೇಡಿ. ದನದ ಹಾಲು ಕುಡಿಸಬೇಡಿ, ಭೇದಿಯಾಗುತ್ತದೆ. ಮೈ ತಣ್ಣಗಾಗಿದ್ದರೆ ಇಡುವ ತನಕ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ನಾಯಿಗಳನ್ನು ಕಟ್ಟಿ ಹಾಕಿ. ಟಾರ್ಚ್ ಹಿಡಿದು ನೋಡಲು ಹೋಗುತ್ತಾ ಇದ್ದರೆ ತಾಯಿ ಹತ್ತಿರ ಬರುವುದಿಲ್ಲ. ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ, ನಡುವೆ ಬಹಳ ಹೊತ್ತು ಆಗಬಹುದು, ಅರ್ಧದಷ್ಟು ಮರಿಗಳು ಅಲ್ಲೇ ಉಳಿದಿವೆ ಎಂದು ಎತ್ತಿ ತರಬೇಡಿ. ಬೆಳಿಗ್ಗೆ ಬೆಳಕಾದ ಮೇಲೆ ಒಮ್ಮೆ ನೋಡಿ, ಉಳಿದಿದ್ದರೆ ಇಲಾಖೆಯವರಿಗೆ ಹೇಳಿ ಇನ್ನೊಂದು ರಾತ್ರಿ ಅಲ್ಲೇ ಪ್ರಯತ್ನಿಸಬೇಕು.